ಕೈಗೆ ಬಾರದ ಬಡ್ಡಿಗೂ ಟ್ಯಾಕ್ಸ್: ಅಮೆರಿಕದ ರಿಟರ್ನ್‌ನಲ್ಲಿ ಡಿಸ್ಕೌಂಟ್ ಬಾಂಡ್ (ಮತ್ತು ಊರಿನ ಎಫ್‌ಡಿ) ತೋರಿಸುವುದು ಹೇಗೆ

ಅಮೆರಿಕದಲ್ಲಿ ಟ್ಯಾಕ್ಸ್ ಕಟ್ಟುವ ಕನ್ನಡಿಗರಲ್ಲಿ ಎರಡು ಥರದವರು ಇದನ್ನು ಓದಬೇಕು. ಬ್ರೋಕರ್ ಖಾತೆಯಲ್ಲಿ ಝೀರೋ ಕೂಪನ್ ಬಾಂಡ್ (ನಡುವೆ ಬಡ್ಡಿ ಕೊಡದೆ ಕೊನೆಗೆ ಮುಖಬೆಲೆ ಕೊಡುವುದು), ಟಿಪ್ಸ್ (ಹಣದುಬ್ಬರಕ್ಕೆ ತಕ್ಕ ಹಾಗೆ ಅಸಲು ಏರುವ ಸರ್ಕಾರಿ ಬಾಂಡ್), ಸ್ಟ್ರಿಪ್ಸ್ (ಸರ್ಕಾರಿ ಬಾಂಡಿನ ಅಸಲು, ಬಡ್ಡಿ ಕಂತುಗಳನ್ನು ಬಿಡಿಸಿ ಬೇರೆ ಬೇರೆಯಾಗಿ ಮಾರುವುದು) ಅಂತ ಏನಾದರೂ ಇಟ್ಟುಕೊಂಡವರು ಒಂದು ಕಡೆ. ಊರಿನ ಬ್ಯಾಂಕಿನಲ್ಲಿ ಎರಡು ಮೂರು ವರ್ಷಕ್ಕೆ ಎಫ್‌ಡಿ ಇಟ್ಟು, ಬಡ್ಡಿ ಎಲ್ಲ ಕೊನೆಗೆ ಒಟ್ಟಿಗೆ ಬರಲಿ ಅಂತ ಬಿಟ್ಟವರು ಇನ್ನೊಂದು ಕಡೆ. ಮೊದಲಿನವರಿಗೆ ಪ್ರತಿ ವರ್ಷ 1099-ಓಐಡಿ ಅನ್ನುವ ಫಾರಂ ಬರುತ್ತದೆ. ಅದರಲ್ಲಿರುವ ಅಂಕಿಯನ್ನು ಹಾಗೇ ರಿಟರ್ನ್‌ಗೆ ಇಳಿಸಿ ಕೈ ತೊಳೆದುಕೊಳ್ಳುತ್ತಾರೆ. ಎರಡನೆಯವರಿಗೆ ಯಾವ ಫಾರಮ್ಮೂ ಬರುವುದಿಲ್ಲ, ಅವರು ಏನೂ ತೋರಿಸುವುದಿಲ್ಲ. ಎರಡೂ ತಪ್ಪಾಗಬಹುದು. ಫಾರಂನಲ್ಲಿರುವ ಅಂಕಿ ನಿಮ್ಮ ಅಂಕಿಯೇ ಆಗಿರಬೇಕು ಅಂತ ಇಲ್ಲ, ಫಾರಂ ಬರಲಿಲ್ಲ ಅಂದಮಾತ್ರಕ್ಕೆ ಆದಾಯ ಇಲ್ಲ ಅಂತಲೂ ಅಲ್ಲ.

ನಾನು ಸಿಪಿಎ (ಲೈಸೆನ್ಸ್ ಇರುವ ಅಕೌಂಟೆಂಟ್) ಅಲ್ಲ. ಅಮೆರಿಕದ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನ ಪಬ್ಲಿಕೇಶನ್ 1212 ಮತ್ತು 550 ಪಕ್ಕದಲ್ಲಿಟ್ಟುಕೊಂಡು ನನ್ನ ರಿಟರ್ನ್ ನಾನೇ ತುಂಬುವವನು. ಇಲ್ಲಿರುವುದೆಲ್ಲ ಅಮೆರಿಕದ ಫೆಡರಲ್ ಟ್ಯಾಕ್ಸ್ ಲೆಕ್ಕ. ಭಾರತದಲ್ಲೇ ಇದ್ದು ಅಲ್ಲೇ ಟ್ಯಾಕ್ಸ್ ಕಟ್ಟುವವರಿಗೆ ನಿಯಮಗಳು ಬೇರೆ, ಇದನ್ನು ಅಲ್ಲಿಗೆ ಹಚ್ಚಬೇಡಿ.

ಮೊದಲು ಲೆಕ್ಕ ಏನು ಅಂತ ನೋಡೋಣ

ಬಾಂಡ್ ಹೊರಡಿಸುವಾಗಲೇ ಮುಖಬೆಲೆಗಿಂತ ಕಡಿಮೆ ದುಡ್ಡಿಗೆ ಕೊಟ್ಟರೆ ಆ ವ್ಯತ್ಯಾಸಕ್ಕೆ ಒರಿಜಿನಲ್ ಇಶ್ಯೂ ಡಿಸ್ಕೌಂಟ್ ಅಂತ ಹೆಸರು, ಚಿಕ್ಕದಾಗಿ ಓಐಡಿ. 10 ವರ್ಷ ಆದಮೇಲೆ 1,000 ಡಾಲರ್ ಕೊಡುತ್ತೇನೆ ಅಂತ ಹೇಳಿ ಕಂಪನಿ ಇವತ್ತು ನಿಮ್ಮಿಂದ 613.91 ಡಾಲರ್ ತೆಗೆದುಕೊಂಡಿತು ಅನ್ನಿ. ನಡುವೆ ಒಂದು ಪೈಸೆ ಬಡ್ಡಿಯೂ ಇಲ್ಲ. ವ್ಯತ್ಯಾಸ 386.09 ಡಾಲರ್. ಇದು ಹೆಸರಿಗೆ ರಿಯಾಯಿತಿ, ನಿಜದಲ್ಲಿ ಬಡ್ಡಿಯೇ, ವರ್ಷಕ್ಕೆ ಸರಿಯಾಗಿ 5%. ಐಆರ್‌ಎಸ್ ಕೂಡ ಇದನ್ನು ಬಡ್ಡಿ ಅಂತಲೇ ನೋಡುತ್ತದೆ. 10ನೇ ವರ್ಷದ ತನಕ ಕಾಯುವುದಕ್ಕೆ ಮಾತ್ರ ಬಿಡುವುದಿಲ್ಲ. ಪ್ರತಿ ವರ್ಷ ಒಂದಿಷ್ಟು ಭಾಗವನ್ನು ಆ ವರ್ಷದ ಆದಾಯ ಅಂತ ತೋರಿಸಿ ಟ್ಯಾಕ್ಸ್ ಕಟ್ಟಬೇಕು. ದುಡ್ಡು ಕೈಗೆ ಬಂದಾಗ ಮಾತ್ರ ಆದಾಯ ಲೆಕ್ಕ ಹಾಕುವ ನಮ್ಮಂಥ ಸಂಬಳದವರಿಗೂ ಇದರಿಂದ ವಿನಾಯಿತಿ ಇಲ್ಲ.

386.09 ಅನ್ನು 10ರಿಂದ ಭಾಗಿಸಿ ವರ್ಷಕ್ಕೆ 38.61 ಅಂತ ಹಾಕುವ ಹಾಗೂ ಇಲ್ಲ. 1969ರ ಕಾನೂನಿನಲ್ಲಿ ಕಂಪನಿ ಬಾಂಡ್‌ಗಳಿಗೆ ಹಾಗೆ ಸಮಭಾಗ ಮಾಡುವ ಪದ್ಧತಿಯೇ ಇತ್ತು. ಅದರಿಂದ ಕಂಪನಿಗಳು ಮೊದಲ ವರ್ಷಗಳಲ್ಲೇ ಬಡ್ಡಿ ಖರ್ಚನ್ನು ನಿಜಕ್ಕಿಂತ ಜಾಸ್ತಿ ತೋರಿಸಿ ಟ್ಯಾಕ್ಸ್ ಉಳಿಸಿಕೊಳ್ಳುತ್ತಿದ್ದವು. 80ರ ದಶಕದ ಶುರುವಿನಲ್ಲಿ ಬಡ್ಡಿ ದರ ಏರಿ ಕೂತಾಗ ಈ ಆಟ ಜೋರಾಯಿತು. 1982ರಲ್ಲಿ ಅಮೆರಿಕದ ಸಂಸತ್ತು (ಕಾಂಗ್ರೆಸ್) ಇದನ್ನು ನಿಲ್ಲಿಸಿತು. ಆ ವರ್ಷದ ಜುಲೈ 1ರ ನಂತರ ಹೊರಟ ಬಾಂಡ್‌ಗಳಿಗೆ ಚಕ್ರಬಡ್ಡಿಯ ಲೆಕ್ಕವೇ. ಇವತ್ತು ನಿಮ್ಮ ಕೈಯಲ್ಲಿರುವ ಬಾಂಡ್ ಹೆಚ್ಚುಕಡಿಮೆ ಇದರಡಿಗೇ ಬರುತ್ತದೆ.

ಹಾಗಾಗಿ ಲೆಕ್ಕ ಹೀಗೆ. ಮೊದಲ ವರ್ಷ 613.91ರ 5%, ಅಂದರೆ 30.70 ಡಾಲರ್ ಆದಾಯ. ಅದನ್ನು ಬೆಲೆಗೆ ಸೇರಿಸಿ, 644.61 ಆಯಿತು. ಎರಡನೇ ವರ್ಷ ಅದರ 5%, 32.23. ಈಗ ಬೆಲೆ 676.84. ಮೂರನೇ ವರ್ಷ 33.84, ಬೆಲೆ 710.68. ಹೀಗೇ ಬೆಳೆಯುತ್ತಾ 10ನೇ ವರ್ಷಕ್ಕೆ 47.62 ಬರುತ್ತದೆ, ಬೆಲೆ ಸರಿಯಾಗಿ 1,000ಕ್ಕೆ ಮುಟ್ಟುತ್ತದೆ. ಹೀಗೆ ಏರುತ್ತಾ ಹೋಗುವ ಬೆಲೆಗೆ ಅಡ್ಜಸ್ಟೆಡ್ ಇಶ್ಯೂ ಪ್ರೈಸ್ ಅನ್ನುತ್ತಾರೆ. ಮುಂದೆ ಬರುವ ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ, ಇದೊಂದನ್ನು ನೆನಪಿಟ್ಟುಕೊಳ್ಳಿ. ನಾನು ಸುಲಭವಾಗಲಿ ಅಂತ ವರ್ಷಕ್ಕೊಮ್ಮೆ ಚಕ್ರಬಡ್ಡಿ ಹಾಕಿದ್ದೇನೆ. ನಿಜವಾದ ಬಾಂಡ್‌ಗಳಲ್ಲಿ ಆರು ತಿಂಗಳಿಗೊಮ್ಮೆ ಹಾಕುವುದೇ ಜಾಸ್ತಿ. ಬಾಂಡ್ ಹೊರಟ ದಿನ ಜನವರಿ 1 ಆಗಿರುವುದು ಅಪರೂಪ ಅಲ್ವಾ, ಆಗ ಆ ಅವಧಿಯ ಓಐಡಿಯನ್ನು ದಿನದ ಲೆಕ್ಕದಲ್ಲಿ ಹಂಚಿ, ಆ ಕ್ಯಾಲೆಂಡರ್ ವರ್ಷದಲ್ಲಿ ಎಷ್ಟು ದಿನ ನಿಮ್ಮ ಹತ್ತಿರ ಇತ್ತೋ ಅಷ್ಟಕ್ಕೆ ಮಾತ್ರ ತೋರಿಸಬೇಕು.

ತೀರಾ ಸಣ್ಣ ಡಿಸ್ಕೌಂಟ್ ಆದರೆ ಬಿಟ್ಟುಬಿಡಬಹುದು. ಮುಖಬೆಲೆಯ 0.25% ಅನ್ನು ಬಾಂಡಿನ ಪೂರ್ತಿ ವರ್ಷಗಳಿಂದ ಗುಣಿಸಿ. 1,000 ಡಾಲರಿನ 10 ವರ್ಷದ ಬಾಂಡಿಗೆ 25 ಡಾಲರ್ ಆಗುತ್ತದೆ. ಡಿಸ್ಕೌಂಟ್ ಇದಕ್ಕಿಂತ ಕಡಿಮೆ ಇದ್ದರೆ ಓಐಡಿ ಸೊನ್ನೆ ಅಂತ ಲೆಕ್ಕ. 980ಕ್ಕೆ ಹೊರಟ ಬಾಂಡ್ ಕೊಂಡರೆ ವರ್ಷ ವರ್ಷ ಏನೂ ತೋರಿಸಬೇಕಾಗಿಲ್ಲ, ಕೊನೆಗೆ ಬಂದ 20 ಡಾಲರ್ ಕ್ಯಾಪಿಟಲ್ ಗೇನ್ ಆಗುತ್ತದೆ. 970ಕ್ಕೆ ಹೊರಟಿದ್ದರೆ ಡಿಸ್ಕೌಂಟ್ 30. ಆಗ 25 ಮೀರಿದ 5 ಡಾಲರ್ ಮಾತ್ರ ಓಐಡಿ ಅಂದುಕೊಳ್ಳಬೇಡಿ, ಪೂರಾ 30 ಡಾಲರೂ ಓಐಡಿಯೇ.

ಯಾವುದಕ್ಕೆ ಈ ತಲೆನೋವು ಇಲ್ಲ

ಟ್ರೆಷರಿ ಬಿಲ್ (ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರ) ಕೂಡ ಡಿಸ್ಕೌಂಟಿಗೇ ಮಾರುವುದು, ಆದರೆ ಅದರ ಅವಧಿ ಒಂದು ವರ್ಷ ಮೀರುವುದಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯದ್ದಕ್ಕೆ ವರ್ಷವರ್ಷದ ಓಐಡಿ ನಿಯಮ ಇಲ್ಲ. 26 ವಾರದ ಬಿಲ್ ಅನ್ನು ಅಕ್ಟೋಬರ್‌ನಲ್ಲಿ 9,800 ಡಾಲರಿಗೆ ಕೊಂಡು, ಮುಂದಿನ ಏಪ್ರಿಲ್‌ನಲ್ಲಿ 10,000 ಬಂದರೆ, ಆ 200 ಡಾಲರ್ ಏಪ್ರಿಲ್ ಬಂದ ವರ್ಷದ ಬಡ್ಡಿ. ಇದು 1099-ಐಎನ್‌ಟಿ ಫಾರಂನ ಬಾಕ್ಸ್ 3ರಲ್ಲಿ ಬರುತ್ತದೆ. ಡಿಸೆಂಬರ್‌ವರೆಗೆ ಎಷ್ಟಾಯಿತು ಅಂತ ಭಾಗ ಮಾಡುತ್ತಾ ಕೂರಬೇಡಿ.

ಸೀರೀಸ್ ಇಇ ಮತ್ತು ಸೀರೀಸ್ ಐ ಸೇವಿಂಗ್ಸ್ ಬಾಂಡ್‌ಗಳಿಗೂ ಓಐಡಿ ನಿಯಮ ಇಲ್ಲ. ಅವುಗಳ ಬಡ್ಡಿಯನ್ನು ಬಾಂಡ್ ಮುರಿಸುವ ತನಕ ಮುಂದೂಡಬಹುದು. ರಾಜ್ಯ, ನಗರಗಳು ಹೊರಡಿಸುವ ಮುನಿಸಿಪಲ್ ಬಾಂಡಿನ ಓಐಡಿಗೆ ಫೆಡರಲ್ ಟ್ಯಾಕ್ಸ್ ಇಲ್ಲ, ಆದರೂ ಮುಖ್ಯ ರಿಟರ್ನ್ ಫಾರಂ 1040ರ 2ಎ ಸಾಲಿನಲ್ಲಿ ತೋರಿಸಬೇಕು, ಬಾಂಡಿನ ಬೇಸಿಸ್‌ಗೂ (ಮಾರುವಾಗ ಲಾಭದ ಲೆಕ್ಕಕ್ಕೆ ಹಿಡಿಯುವ ಕೊಂಡ ಬೆಲೆ) ಸೇರಿಸುತ್ತಾ ಹೋಗಬೇಕು. ಅದೇ ಮುನಿಸಿಪಲ್ ಬಾಂಡನ್ನು ಬೇರೆಯವರಿಂದ ಅಗ್ಗಕ್ಕೆ ಕೊಂಡು ಸಿಕ್ಕ ಲಾಭಕ್ಕೆ ಮಾತ್ರ ಟ್ಯಾಕ್ಸ್ ಇದೆ. ಬಹಳ ಜನ ಇಲ್ಲಿ ಎಡವುತ್ತಾರೆ.

ಇನ್ನು ಐಆರ್‌ಎ, 401ಕೆ ಅನ್ನುವ ನಿವೃತ್ತಿ ಖಾತೆಗಳ ಒಳಗೆ ಏನಿದ್ದರೂ ಓಐಡಿ ವರ್ಷವರ್ಷ ತೋರಿಸುವ ಮಾತೇ ಇಲ್ಲ. ನನ್ನನ್ನು ಕೇಳಿದರೆ ಝೀರೋ ಕೂಪನ್ ಬಾಂಡ್, ಸ್ಟ್ರಿಪ್ಸ್, ಟಿಪ್ಸ್ ಮೂರಕ್ಕೂ ಅದೇ ಸರಿಯಾದ ಜಾಗ. ಮಾಮೂಲಿ ಖಾತೆಯಲ್ಲಿ ಇಟ್ಟು, ಬಾರದ ದುಡ್ಡಿಗೆ ಸಂಬಳದಿಂದ ಟ್ಯಾಕ್ಸ್ ಕಟ್ಟುವುದು ಸುಮ್ನೆ ಯಾಕೆ?

ಫಾರಂ ಬಂತು, ಈಗ ಓದುವುದು ಹೇಗೆ

ಬ್ರೋಕರ್ ಕಂಪನಿಗಳು ಎಲ್ಲ 1099 ಫಾರಂಗಳನ್ನೂ ಒಂದೇ ಕಟ್ಟಿನಲ್ಲಿ ಫೆಬ್ರವರಿ ನಡುವಿನ ಹೊತ್ತಿಗೆ ಕಳಿಸುತ್ತವೆ. ಬಾಂಡ್ ಇಟ್ಟುಕೊಂಡವರು ಫೆಬ್ರವರಿಯಲ್ಲೇ ರಿಟರ್ನ್ ಹಾಕುವ ಅವಸರ ಮಾಡಬೇಡಿ. ತಿದ್ದಿದ ಫಾರಂ ಮಾರ್ಚ್‌ನಲ್ಲಿ ಮತ್ತೆ ಬರುವುದು ಮಾಮೂಲು. ವರ್ಷದ ಓಐಡಿ 10 ಡಾಲರಿಗಿಂತ ಕಡಿಮೆ ಇದ್ದರೆ ಫಾರಂ ಕಳಿಸಲೇಬೇಕು ಅಂತ ಇಲ್ಲ, ಆದರೆ ನೀವು ಅದನ್ನು ತೋರಿಸಬೇಕು.

ಬಾಕ್ಸ್ 1ರಲ್ಲಿ ಆ ವರ್ಷದ ಓಐಡಿ ಇರುತ್ತದೆ. ಬಾಂಡ್ ಓಐಡಿ ಜೊತೆಗೆ ಕೂಪನ್ ಬಡ್ಡಿಯನ್ನೂ ಕೊಡುತ್ತಿದ್ದರೆ ಅದು ಬಾಕ್ಸ್ 2ರಲ್ಲಿ, ಇಲ್ಲವೇ ಬೇರೆ 1099-ಐಎನ್‌ಟಿಯಲ್ಲಿ ಬರುತ್ತದೆ. ಸರ್ಕಾರಿ ಟ್ರೆಷರಿ ಬಾಂಡ್ ಆದರೆ ಓಐಡಿ ಬಾಕ್ಸ್ 1ರಲ್ಲಿ ಇರುವುದಿಲ್ಲ, ಬಾಕ್ಸ್ 8ರಲ್ಲಿ ಇರುತ್ತದೆ. ಈ ಬಾಕ್ಸ್ 8ರ ಮೇಲೆ ಒಂದು ಕಣ್ಣಿಡಿ. ಅಲ್ಲಿರುವ ದುಡ್ಡಿಗೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. ಟೆಕ್ಸಾಸ್‌ನಲ್ಲಿ ಇರುವವರಿಗೆ ಹೇಗೂ ವ್ಯತ್ಯಾಸ ಆಗುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವವರು ರಾಜ್ಯದ ರಿಟರ್ನ್‌ನಲ್ಲಿ ಇದನ್ನು ಕಳೆಯದೇ ಬಿಟ್ಟರೆ ಸುಮ್ನೆ ದುಡ್ಡು ಕೊಟ್ಟ ಹಾಗೆ.

ಬಾಕ್ಸ್ 3 ಸಿಡಿ (ಅಮೆರಿಕದ ಬ್ಯಾಂಕಿನ ಎಫ್‌ಡಿ) ಇಟ್ಟವರಿಗೆ ಬೇಕಾದದ್ದು, ಅವಧಿಗೆ ಮುಂಚೆ ಮುರಿಸಿದ್ದಕ್ಕೆ ಹಾಕಿದ ದಂಡ. ಇದನ್ನು ಬಡ್ಡಿಯಿಂದಲೇ ಕಳೆದು ತೋರಿಸಬಾರದು. ಬಡ್ಡಿ ಪೂರ್ತಿ ತೋರಿಸಿ, ದಂಡವನ್ನು ಸ್ಕೆಡ್ಯೂಲ್ 1ರಲ್ಲಿ ಅದಕ್ಕೆಂದೇ ಇರುವ ಸಾಲಿನಲ್ಲಿ ಕಳೆಯಬೇಕು. ಸ್ಟಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರಿಗೂ ಇದು ಸಿಗುತ್ತದೆ. ಬಾಕ್ಸ್ 4ರಲ್ಲಿ ಏನಾದರೂ ಇದ್ದರೆ ಅದು ಮೊದಲೇ ಹಿಡಿದುಕೊಂಡ ಟ್ಯಾಕ್ಸ್, ಬಿಡಬೇಡಿ. ಬಾಕ್ಸ್ 11 ಮುನಿಸಿಪಲ್ ಬಾಂಡಿನ ಓಐಡಿಗೆ. ಬಾಕ್ಸ್ 5, 6, 10 ಅರ್ಥ ಆಗಬೇಕಾದರೆ ಮುಂದಿನ ಭಾಗ ಓದಬೇಕು.

ಬೇರೆಯವರಿಂದ ಕೊಂಡ ಬಾಂಡ್

ನಿಜವಾದ ಗೊಂದಲ ಇರುವುದು ಇಲ್ಲಿ. ಬಾಂಡ್ ಹೊರಟ ದಿನವೇ ಕೊಂಡವರು ಕಡಿಮೆ, ನಮ್ಮಲ್ಲಿ ಬಹುತೇಕರು ಕೊಳ್ಳುವುದು ಮಾರ್ಕೆಟ್‌ನಲ್ಲಿ, ಬೇರೆ ಯಾರೋ ಕೆಲವು ವರ್ಷ ಇಟ್ಟುಕೊಂಡು ಮಾರಿದ್ದನ್ನು. ಬಾಂಡ್ ಹೊರಡಿಸಿದ ಕಂಪನಿ ಫಾರಂ 8281ರಲ್ಲಿ ಐಆರ್‌ಎಸ್‌ಗೆ ಕೊಟ್ಟ ಲೆಕ್ಕ ಮೊದಲ ಬೆಲೆಯ ಮೇಲೆ ಮಾಡಿದ್ದು. ನೀವು ಕೊಟ್ಟ ಬೆಲೆ ಬೇರೆ. ಹಾಗಾದರೆ ನಿಮ್ಮ ಓಐಡಿಯೂ ಬೇರೆಯಾಗಬಹುದು.

ಮೇಲಿನ ಬಾಂಡನ್ನೇ ಹಿಡಿಯಿರಿ. ಮೂರು ವರ್ಷ ಮುಗಿದಾಗ ಅದರ ಅಡ್ಜಸ್ಟೆಡ್ ಇಶ್ಯೂ ಪ್ರೈಸ್ 710.68. ಬಾಕಿ ಉಳಿದ ಓಐಡಿ 289.32. ನೀವು ಆಗ 739.61 ಕೊಟ್ಟು ಕೊಂಡಿರಿ ಅನ್ನಿ. 28.93 ಜಾಸ್ತಿ ಕೊಟ್ಟಿರಿ. ಇದಕ್ಕೆ ಅಕ್ವಿಸಿಷನ್ ಪ್ರೀಮಿಯಂ ಅನ್ನುತ್ತಾರೆ. 28.93 ಅನ್ನು 289.32ರಿಂದ ಭಾಗಿಸಿದರೆ 10%. ಹಾಗಾದರೆ ಇನ್ನು ಮುಂದೆ ಪ್ರತಿ ವರ್ಷದ ಓಐಡಿಯಲ್ಲೂ 10% ಕಡಿಮೆ ತೋರಿಸಬಹುದು. ನಾಲ್ಕನೇ ವರ್ಷದ ಓಐಡಿ 35.53, ಅದರಲ್ಲಿ 3.55 ಕಳೆದರೆ ನಿಮ್ಮ ಆದಾಯ 31.98.

ಈಗ ಫಾರಂ ನೋಡಿ. ಬೇಸಿಸ್ ಲೆಕ್ಕವನ್ನು ಬ್ರೋಕರೇ ಇಡಬೇಕಾದ ಬಾಂಡ್‌ಗಳಿಗೆ (ಮಾಮೂಲಿ ಬಾಂಡ್ ಆದರೆ 2014ರ ಜನವರಿ 1ರಿಂದ ಕೊಂಡದ್ದು, ಸ್ವಲ್ಪ ಜಟಿಲವಾದ ನಮೂನೆ ಆದರೆ 2016ರ ಜನವರಿ 1ರಿಂದ) ಬ್ರೋಕರ್‌ಗೆ ಎರಡು ದಾರಿ ಇದೆ. ಒಂದು, ಕಳೆದ ಮೇಲಿನ 31.98 ಅನ್ನೇ ಬಾಕ್ಸ್ 1ರಲ್ಲಿ ಹಾಕಿ ಬಾಕ್ಸ್ 6 ಖಾಲಿ ಬಿಡುವುದು. ಇನ್ನೊಂದು, ಬಾಕ್ಸ್ 1ರಲ್ಲಿ 35.53 ಹಾಕಿ, ಬಾಕ್ಸ್ 6ರಲ್ಲಿ 3.55 ಹಾಕುವುದು. ಎರಡನೇದು ಬಂದರೆ ನೀವು ಕಳೆಯಬೇಕು, ಮೊದಲನೇದು ಬಂದರೆ ಕಳೆಯಬಾರದು. ಬಾಕ್ಸ್ 6 ನೋಡದೇ ಬಾಕ್ಸ್ 1 ಮಾತ್ರ ಇಳಿಸಿದರೆ ಜಾಸ್ತಿ ಟ್ಯಾಕ್ಸ್ ಕಟ್ಟುತ್ತೀರಿ. ಈಗಾಗಲೇ ಕಳೆದದ್ದನ್ನು ಮತ್ತೊಮ್ಮೆ ಕಳೆದರೆ ಐಆರ್‌ಎಸ್‌ನಿಂದ ಕಾಗದ ಬರುತ್ತದೆ. ಅದಕ್ಕಿಂತ ಹಳೆಯ ಬಾಂಡ್ ಆದರೆ ನಿಮ್ಮ ಬೆಲೆ ಬ್ರೋಕರ್ ಲೆಕ್ಕಕ್ಕೆ ಬಂದಿರುವುದಿಲ್ಲ, ಕಳೆಯುವ ಕೆಲಸ ಪೂರ್ತಿ ನಿಮ್ಮದೇ.

ಉಲ್ಟಾ ಆದರೆ? ಅದೇ ಬಾಂಡನ್ನು 680ಕ್ಕೆ ಕೊಂಡಿರಿ ಅನ್ನಿ. ಆಗ ಓಐಡಿ 35.53 ಪೂರ್ತಿಯಾಗಿ ತೋರಿಸಬೇಕು, ಜೊತೆಗೆ 30.68 ಡಾಲರ್ ಮಾರ್ಕೆಟ್ ಡಿಸ್ಕೌಂಟ್ ಅಂತ ಬೇರೆಯಾಗಿ ನಿಲ್ಲುತ್ತದೆ. ಇದಕ್ಕೆ ವರ್ಷವರ್ಷ ಟ್ಯಾಕ್ಸ್ ಕಡ್ಡಾಯ ಇಲ್ಲ. ಮಾರುವಾಗ ಅಥವಾ ಅವಧಿ ಮುಗಿದಾಗ ತೋರಿಸಬಹುದು, ಆದರೆ ಅಲ್ಲಿಯವರೆಗೆ ಬೆಳೆದಷ್ಟು ಭಾಗ ಮಾಮೂಲಿ ಆದಾಯ, ಕ್ಯಾಪಿಟಲ್ ಗೇನ್ ಅಲ್ಲ. ವರ್ಷವರ್ಷವೇ ತೋರಿಸುತ್ತೇನೆ ಅಂತ ನೀವು ಆಯ್ಕೆ ಮಾಡಿ ಬ್ರೋಕರ್‌ಗೆ ತಿಳಿಸಿದ್ದರೆ ಅದು ಬಾಕ್ಸ್ 5ರಲ್ಲಿ ಬರುತ್ತದೆ. ಮುಖಬೆಲೆಗಿಂತಲೂ ಜಾಸ್ತಿ ಕೊಟ್ಟು ಕೊಂಡಿದ್ದರೆ ಓಐಡಿ ತೋರಿಸುವ ಅಗತ್ಯವೇ ಇಲ್ಲ, ಅದು ಪೂರ್ತಿ ಪ್ರೀಮಿಯಂ. ಬಾಕ್ಸ್ 10 ಇರುವುದು ಅದಕ್ಕೆ.

ಸ್ಟ್ರಿಪ್ಸ್‌ನದ್ದು ಇನ್ನೊಂದು ಥರ. ಇಲ್ಲಿ ಮೂಲ ಬಾಂಡ್ ಎಷ್ಟಕ್ಕೆ ಹೊರಟಿತ್ತು ಅನ್ನುವುದು ಬೇಕಾಗಿಯೇ ಇಲ್ಲ. ನೀವು ಕೊಂಡ ದಿನವೇ ಅದು ಹೊಸದಾಗಿ ಹೊರಟ ಬಾಂಡ್ ಅಂತ ಲೆಕ್ಕ, ನೀವು ಕೊಟ್ಟ ಬೆಲೆಯೇ ಮೊದಲ ಬೆಲೆ. ಹಾಗಾಗಿ ನಿಮ್ಮ ಪಕ್ಕದ ಮನೆಯವರ ಹತ್ತಿರ ಇರುವ ಅದೇ ಸ್ಟ್ರಿಪ್‌ನ ಓಐಡಿಯೂ ನಿಮ್ಮದೂ ಬೇರೆ ಇರಬಹುದು. ಬಾಕ್ಸ್ 8ರ ಅಂಕಿಯನ್ನು ನಿಮ್ಮ ಬೆಲೆ ಹಾಕಿ ಒಂದು ಸಲ ಲೆಕ್ಕ ಮಾಡಿ ನೋಡಿ.

ರಿಟರ್ನ್‌ನಲ್ಲಿ ಬರೆಯುವುದು

ಬಡ್ಡಿ ಒಟ್ಟು 1,500 ಡಾಲರ್ ಮೀರಿದರೆ ಸ್ಕೆಡ್ಯೂಲ್ ಬಿ (ಬಡ್ಡಿಯ ವಿವರ ಬರೆಯುವ ಪುಟ) ತುಂಬಬೇಕು. ಮೀರದಿದ್ದರೂ, ಫಾರಂನಲ್ಲಿ ಬಂದದ್ದಕ್ಕಿಂತ ಕಡಿಮೆ ಓಐಡಿ ತೋರಿಸುತ್ತಿದ್ದರೆ ತುಂಬಲೇಬೇಕು. ಕ್ರಮ ಹೀಗೆ: ಮೊದಲು ಫಾರಂನಲ್ಲಿ ಬಂದ ಪೂರ್ತಿ ಅಂಕಿಯನ್ನು ಬ್ರೋಕರ್ ಹೆಸರಿನ ಮುಂದೆ ಹಾಕಿ. ಉಳಿದ ಎಲ್ಲ ಬಡ್ಡಿಯನ್ನೂ ಕೆಳಗೆ ಬರೆದು ಒಟ್ಟು ಮಾಡಿ. ಅದರ ಕೆಳಗೆ ಓಐಡಿ ಅಡ್ಜಸ್ಟ್‌ಮೆಂಟ್ ಅಂತ ಬರೆದು, ತೋರಿಸಬಾರದ ಮೊತ್ತವನ್ನು ಹಾಕಿ ಕಳೆಯಿರಿ. ಮೇಲಿನ ಉದಾಹರಣೆಯಲ್ಲಿ ಅದು 3.55. ಉಳಿದದ್ದು 1040ರ 2ಬಿ ಸಾಲಿಗೆ ಹೋಗುತ್ತದೆ. ನೇರವಾಗಿ 31.98 ಬರೆದರೂ ಟ್ಯಾಕ್ಸ್ ಅಷ್ಟೇ ಬರುತ್ತದೆ, ಆದರೆ ಐಆರ್‌ಎಸ್ ಕಂಪ್ಯೂಟರ್ 35.53 ಹುಡುಕುತ್ತಿರುತ್ತದೆ. ಅದಕ್ಕೆ ಸಿಗದಿದ್ದರೆ ಪ್ರಶ್ನೆ ಕೇಳುತ್ತದೆ. ಟ್ಯಾಕ್ಸ್ ಸಾಫ್ಟ್‌ವೇರ್‌ಗಳಲ್ಲಿ 1099-ಓಐಡಿ ತುಂಬುವ ಪುಟದಲ್ಲೇ ಅಡ್ಜಸ್ಟ್‌ಮೆಂಟ್ ಕೇಳುವ ಜಾಗ ಇರುತ್ತದೆ, ಕೆಲವದರಲ್ಲಿ ಎರಡು ಮೂರು ಕ್ಲಿಕ್ ಒಳಗೆ ಅಡಗಿರುತ್ತದೆ, ಹುಡುಕಿ.

ನಿಮ್ಮ ಹೆಸರಿನಲ್ಲಿ ಬಂದ ಓಐಡಿಯಲ್ಲಿ ಅರ್ಧ ನಿಮ್ಮ ಅಣ್ಣನದು ಅನ್ನುವಂಥ ಜಂಟಿ ಖಾತೆ ಇದ್ದರೆ ಇದೇ ಜಾಗದಲ್ಲಿ ನಾಮಿನಿ ಡಿಸ್ಟ್ರಿಬ್ಯೂಷನ್ ಅಂತ ಬರೆದು ಅವರ ಪಾಲನ್ನು ಕಳೆಯಿರಿ. ಅವರಿಗೆ ನೀವೇ ಒಂದು 1099-ಓಐಡಿ ಕೊಡಬೇಕಾಗುತ್ತದೆ, ಐಆರ್‌ಎಸ್‌ಗೂ ಕಳಿಸಬೇಕು. ಗಂಡ ಹೆಂಡತಿ ಮಧ್ಯೆ ಇದು ಬೇಡ.

ಪ್ರತಿ ವರ್ಷ ತೋರಿಸಿದ ಓಐಡಿ ನಿಮ್ಮ ಬೇಸಿಸ್‌ಗೆ ಸೇರುತ್ತದೆ. ಇದನ್ನು ಮರೆತರೆ ಒಂದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್. 613.91ಕ್ಕೆ ಕೊಂಡು, ಮೂರು ವರ್ಷ 96.77 ಓಐಡಿ ತೋರಿಸಿ, 730ಕ್ಕೆ ಮಾರಿದರೆ ಲಾಭ 116.09 ಅಲ್ಲ. ಬೇಸಿಸ್ 710.68 ಆಗಿದೆ, ಲಾಭ 19.32 ಮಾತ್ರ, ಅದೂ ಲಾಂಗ್ ಟರ್ಮ್ ಕ್ಯಾಪಿಟಲ್ ಗೇನ್. ಇದು ಫಾರಂ 8949ಕ್ಕೆ ಹೋಗುತ್ತದೆ. ಬ್ರೋಕರ್ ಬದಲಾಯಿಸಿದವರು, ಹಳೇ ಬಾಂಡ್ ಇಟ್ಟವರು ಒಂದು ಸ್ಪ್ರೆಡ್‌ಶೀಟ್ ಮಾಡಿಟ್ಟುಕೊಳ್ಳಿ: ಕೊಂಡ ದಿನ, ಕೊಟ್ಟ ಬೆಲೆ, ಆ ದಿನದ ಅಡ್ಜಸ್ಟೆಡ್ ಇಶ್ಯೂ ಪ್ರೈಸ್, ಪ್ರತಿ ವರ್ಷ ತೋರಿಸಿದ್ದು. ಅಷ್ಟು ಸಾಕು.

ಟಿಪ್ಸ್ ಕೊಂಡವರಿಗೆ ಒಂದು ಮಾತು

ಟಿಪ್ಸ್ ಮುಖಬೆಲೆಗೇ ಕೊಂಡಿದ್ದರೂ ಓಐಡಿ ಬರುತ್ತದೆ. ಹಣದುಬ್ಬರಕ್ಕೆ ತಕ್ಕ ಹಾಗೆ ಅಸಲು ಏರುತ್ತದೆ ಅಲ್ವಾ, ಆ ಏರಿಕೆಯೇ ಆ ವರ್ಷದ ಓಐಡಿ. ಅಸಲು ಕೈಗೆ ಬರುವುದು ಬಾಂಡ್ ಮುಗಿದಾಗ, ಟ್ಯಾಕ್ಸ್ ಮಾತ್ರ ಈಗಲೇ. ಇದು ಎಷ್ಟು ಚುಚ್ಚಬಹುದು ಅನ್ನುವುದಕ್ಕೆ 2022 ನೋಡಿ. 2021ರಲ್ಲಿ ಹೊರಟ 10 ವರ್ಷದ ಟಿಪ್ಸ್‌ಗೆ ಕೂಪನ್ 0.125%. 10,000 ಡಾಲರಿಗೆ ವರ್ಷಕ್ಕೆ ಹತ್ತಿರ ಹತ್ತಿರ 13 ಡಾಲರ್ ನಗದು. 2022ರಲ್ಲಿ ಅದೇ ಬಾಂಡಿನ ಅಸಲು 700 ಡಾಲರಿಗೂ ಜಾಸ್ತಿ ಏರಿತು. 24% ಸ್ಲ್ಯಾಬ್‌ನಲ್ಲಿ ಇರುವವರು ಕೈಗೆ 13 ಡಾಲರ್ ಬಂದ ವರ್ಷ 168 ಡಾಲರಿಗೂ ಮೇಲೆ ಟ್ಯಾಕ್ಸ್ ಕಟ್ಟಿದರು. ಟಿಪ್ಸ್ ಕೆಟ್ಟದ್ದು ಅಂತ ಅಲ್ಲ, ಟ್ಯಾಕ್ಸ್ ಕಟ್ಟಲು ಬೇರೆ ದುಡ್ಡು ಎತ್ತಿಡಬೇಕು ಅಷ್ಟೇ. ಬೆಲೆಗಳು ಇಳಿದು ಅಸಲು ಕಡಿಮೆಯಾದ ವರ್ಷ ಆ ಇಳಿಕೆಯನ್ನು ಅದೇ ಬಾಂಡಿನ ಬಡ್ಡಿ ಆದಾಯದಲ್ಲಿ ಕಳೆಯಬಹುದು.

ಸರ್ಕಾರದಿಂದಲೇ ನೇರವಾಗಿ ಬಾಂಡ್ ಕೊಳ್ಳುವ ಟ್ರೆಷರಿ ಡೈರೆಕ್ಟ್ ಖಾತೆಯಲ್ಲಿ ಇಟ್ಟವರು ಫಾರಂ ಅಂಚೆಯಲ್ಲಿ ಬರುತ್ತದೆ ಅಂತ ಕಾಯಬೇಡಿ, ಸೈಟ್‌ಗೆ ಹೋಗಿ ನೀವೇ ತೆಗೆದುಕೊಳ್ಳಬೇಕು.

ಈ ಆದಾಯದಿಂದ ಸಾಮಾನ್ಯವಾಗಿ ಯಾರೂ ಮೊದಲೇ ಟ್ಯಾಕ್ಸ್ ಹಿಡಿದುಕೊಳ್ಳುವುದಿಲ್ಲ ಅನ್ನುವುದೂ ನೆನಪಿರಲಿ. ಓಐಡಿ ದೊಡ್ಡದಿದ್ದರೆ ಮೂರು ತಿಂಗಳಿಗೊಮ್ಮೆ ಎಸ್ಟಿಮೇಟೆಡ್ ಟ್ಯಾಕ್ಸ್ ಕಟ್ಟಿ, ಅಥವಾ ಆಫೀಸಿನಲ್ಲಿ ಡಬ್ಲ್ಯು-4 ಬದಲಾಯಿಸಿ ಸಂಬಳದಲ್ಲಿ ಸ್ವಲ್ಪ ಜಾಸ್ತಿ ಹಿಡಿಯಲು ಹೇಳಿ. ಎರಡನೇದು ಸುಲಭ.

ಊರಿನ ಎಫ್‌ಡಿ

ಈಗ ನಮ್ಮವರ ವಿಷಯಕ್ಕೆ ಬರೋಣ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ, ಬಡ್ಡಿಯನ್ನು ಕೊನೆಗೆ ಕೊಡುವ ಠೇವಣಿಯನ್ನೂ ಐಆರ್‌ಎಸ್ ಓಐಡಿ ಥರವೇ ನೋಡುತ್ತದೆ. ಬ್ಯಾಂಕ್ ಅಮೆರಿಕದ್ದೋ ಭಾರತದ್ದೋ ಅನ್ನುವ ಭೇದ ಇಲ್ಲ. ಗ್ರೀನ್ ಕಾರ್ಡ್ ಇದ್ದವರು, ಎಚ್-1ಬಿಯಲ್ಲಿದ್ದು ದಿನದ ಲೆಕ್ಕದಲ್ಲಿ ಇಲ್ಲಿನ ಟ್ಯಾಕ್ಸ್ ರೆಸಿಡೆಂಟ್ ಆದವರು, ಎಲ್ಲರೂ ಪ್ರಪಂಚದ ಎಲ್ಲ ಕಡೆಯ ಆದಾಯ ತೋರಿಸಬೇಕು. ಹಾಗಾಗಿ ಕ್ಯುಮುಲೇಟಿವ್ ಎಫ್‌ಡಿಯ ಬಡ್ಡಿಯನ್ನು ಮೆಚ್ಯೂರಿಟಿ ವರ್ಷದಲ್ಲಿ ಒಟ್ಟಿಗೆ ತೋರಿಸುತ್ತೇನೆ ಅನ್ನುವ ಹಾಗಿಲ್ಲ, ಪ್ರತಿ ವರ್ಷ ಬೆಳೆದಷ್ಟು ತೋರಿಸಬೇಕು. ಎನ್‌ಆರ್‌ಇ (ಹೊರದೇಶದಲ್ಲಿ ದುಡಿದ ದುಡ್ಡು ಇಡುವ ಖಾತೆ) ಎಫ್‌ಡಿ ಬಡ್ಡಿಗೆ ಟ್ಯಾಕ್ಸ್ ಇಲ್ಲ ಅಂತ ಬ್ಯಾಂಕಿನವರು ಹೇಳುವುದು ಭಾರತದ ಮಟ್ಟಿಗೆ ನಿಜ. ಇಲ್ಲಿ ಅದಕ್ಕೆ ಪೂರ್ತಿ ಟ್ಯಾಕ್ಸ್ ಇದೆ.

10 ಲಕ್ಷ ರೂಪಾಯಿಯನ್ನು ಜನವರಿ 1ಕ್ಕೆ ಮೂರು ವರ್ಷದ ಎಫ್‌ಡಿಗೆ ಹಾಕಿದಿರಿ, 7% ಬಡ್ಡಿ, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅನ್ನಿ. ಮೊದಲ ವರ್ಷ 71,859 ರೂಪಾಯಿ, ಎರಡನೇ ವರ್ಷ 77,023, ಮೂರನೇ ವರ್ಷ 82,557. ಈ ಮೂರು ಅಂಕಿಗಳು ಮೂರು ಬೇರೆ ರಿಟರ್ನ್‌ಗಳಿಗೆ ಹೋಗಬೇಕು. ಎಫ್‌ಡಿ ವರ್ಷದ ನಡುವೆ ಶುರುವಾಗಿದ್ದರೆ ಭಾಗ ಮಾಡಿ. ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಅದನ್ನು ಹಾಗೇ ಹಾಕಿದರೆ ತಪ್ಪು. ನೆಟ್ ಬ್ಯಾಂಕಿಂಗ್‌ನಲ್ಲಿ ಮೂರು ತಿಂಗಳಿಗೊಮ್ಮೆಯ ಬಡ್ಡಿ ವಿವರ ಸಿಕ್ಕರೆ ಜನವರಿಯಿಂದ ಡಿಸೆಂಬರ್‌ವರೆಗಿನ ನಾಲ್ಕನ್ನು ಕೂಡಿಸಿದರೆ ಆಯಿತು.

ಡಾಲರ್‌ಗೆ ತಿರುಗಿಸುವುದು ಆ ವರ್ಷದ ಸರಾಸರಿ ದರದಲ್ಲಿ. ಲೆಕ್ಕಕ್ಕೆ 84 ಅಂತ ಇಟ್ಟುಕೊಂಡರೆ ಮೊದಲ ವರ್ಷದ ಬಡ್ಡಿ 855 ಡಾಲರ್. ಇದು ಸ್ಕೆಡ್ಯೂಲ್ ಬಿಯಲ್ಲಿ ಬ್ಯಾಂಕಿನ ಹೆಸರಿನ ಮುಂದೆ ಹೋಗುತ್ತದೆ. ಎಫ್‌ಡಿ ಮುಗಿಯುವ ಹೊತ್ತಿಗೆ ರೂಪಾಯಿ ಇಳಿದು ದರ 90 ಆಗಿದ್ದರೆ ಅದೇ 71,859 ರೂಪಾಯಿ ನಿಮಗೆ ಬರುವುದು 798 ಡಾಲರ್ ಆಗಿ. ತೋರಿಸಿದ್ದು ಜಾಸ್ತಿ, ಬಂದದ್ದು ಕಡಿಮೆ. ಆ 57 ಡಾಲರ್ ವಿನಿಮಯದ ನಷ್ಟ, ಅದನ್ನು ಮೆಚ್ಯೂರಿಟಿ ವರ್ಷದಲ್ಲಿ ಮಾಮೂಲಿ ಆದಾಯದ ಎದುರು ತೋರಿಸಬಹುದು. ಅಸಲಿನ ಮೇಲೂ ಇಂಥದೇ ಲಾಭ ನಷ್ಟದ ಲೆಕ್ಕ ಇದೆ. ಮೊತ್ತ ದೊಡ್ಡದಿದ್ದರೆ ಇದೊಂದನ್ನು ಭಾರತದ ಖಾತೆಗಳ ಅನುಭವ ಇರುವ ಸಿಪಿಎ ಹತ್ತಿರ ಮಾಡಿಸಿ. ಬಡ್ಡಿ ತೋರಿಸುವ ಭಾಗಕ್ಕೆ ಸಿಪಿಎ ಬೇಕಾಗಿಲ್ಲ.

ಎನ್‌ಆರ್‌ಓ (ಭಾರತದಲ್ಲಿ ಬಂದ ಆದಾಯ ಇಡುವ ಖಾತೆ) ಎಫ್‌ಡಿ ಆದರೆ ಭಾರತದಲ್ಲಿ ಟಿಡಿಎಸ್ ಆಗಿರುತ್ತದೆ, 30% ಮತ್ತು ಅದರ ಮೇಲೆ ಸೆಸ್. ಇಲ್ಲಿ ಫಾರಂ 1116 ಹಾಕಿ, ಅಲ್ಲಿ ಕಟ್ಟಿದ್ದನ್ನು ಇಲ್ಲಿನ ಟ್ಯಾಕ್ಸ್‌ನಲ್ಲಿ ಕಳೆಯುವ ಕ್ರೆಡಿಟ್ ತೆಗೆದುಕೊಳ್ಳಬಹುದು, ಆದರೆ ಪೂರ್ತಿ ಅಲ್ಲ. ಎರಡು ದೇಶಗಳ ಒಪ್ಪಂದದ ಪ್ರಕಾರ ಇಂಥ ಬಡ್ಡಿಗೆ ಭಾರತ 15% ಮಾತ್ರ ಹಿಡಿಯಬೇಕು. ಅದಕ್ಕಿಂತ ಜಾಸ್ತಿ ಹಿಡಿದದ್ದನ್ನು ಭಾರತದಲ್ಲೇ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಐಆರ್‌ಎಸ್‌ನಿಂದ ಫಾರಂ 6166 (ನೀವು ಅಮೆರಿಕದ ಟ್ಯಾಕ್ಸ್ ರೆಸಿಡೆಂಟ್ ಅನ್ನುವ ಪ್ರಮಾಣಪತ್ರ) ತರಿಸಿ, ಒಪ್ಪಂದದ ದರ ಕೇಳುವ ಭಾರತದ ಫಾರಂ 10ಎಫ್ ಜೊತೆ ಬ್ಯಾಂಕಿಗೆ ಮೊದಲೇ ಕೊಟ್ಟರೆ 15% ಮಾತ್ರ ಹಿಡಿಯುತ್ತಾರೆ. ಫಾರಂ 6166 ಬರಲು ಸಮಯ ಬೇಕು, ಬೇಗ ಅರ್ಜಿ ಹಾಕಿ.

ಈ ರಗಳೆಯೇ ಬೇಡ ಅನ್ನುವವರು ಒಂದು ವರ್ಷದ ಎಫ್‌ಡಿ ಇಡಿ, ಅಥವಾ ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಬರುವ ಥರದ್ದು ತೆಗೆದುಕೊಳ್ಳಿ. ಆಗ ಬಂದ ವರ್ಷ ಬಂದಷ್ಟು ತೋರಿಸಿದರೆ ಮುಗಿಯಿತು. ಒಂದು ವರ್ಷದ್ದು ಆಟೋ ರಿನ್ಯೂವಲ್ ಆದರೂ ಬಡ್ಡಿ ಆ ದಿನ ನಿಮಗೆ ಸಿಗುವ ಹಾಗಿತ್ತು, ಆದ್ದರಿಂದ ಅದು ಆ ವರ್ಷದ ಆದಾಯವೇ. ನಾನು ತೆಗೆಯಲೇ ಇಲ್ಲ ಅನ್ನುವ ಮಾತು ನಡೆಯುವುದಿಲ್ಲ. ಊರು ಬಿಡುವ ಮುಂಚೆ ತೆಗೆದುಕೊಂಡ ಐದು ವರ್ಷದ ಎನ್‌ಎಸ್‌ಸಿ ಇನ್ನೂ ಕಪಾಟಿನಲ್ಲಿ ಇದ್ದರೆ ಅದಕ್ಕೂ ವರ್ಷವರ್ಷದ ಲೆಕ್ಕವೇ.

ಎಫ್‌ಡಿ ಇದ್ದವರು ಬಡ್ಡಿ 1,500 ಡಾಲರ್ ಮೀರದಿದ್ದರೂ ಸ್ಕೆಡ್ಯೂಲ್ ಬಿಯ ಮೂರನೇ ಭಾಗ ತುಂಬಬೇಕು, ಅಲ್ಲಿ ವಿದೇಶಿ ಖಾತೆ ಇದೆಯಾ ಅಂತ ನೇರವಾಗಿ ಕೇಳುತ್ತದೆ. ಎಲ್ಲ ಖಾತೆಗಳೂ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಬೇರೆಯಾಗಿ ಹಾಕಬೇಕು. ಇದು ಐಆರ್‌ಎಸ್ ರಿಟರ್ನ್ ಜೊತೆ ಹೋಗುವುದಿಲ್ಲ, ಅಮೆರಿಕದ ಖಜಾನೆ ಇಲಾಖೆಯ ಫಿನ್‌ಸೆನ್ ಸೈಟ್‌ನಲ್ಲಿ ಹಾಕಬೇಕು. ಏಪ್ರಿಲ್ 15 ಕೊನೆಯ ದಿನ, ತಪ್ಪಿದರೆ ತಾನಾಗಿಯೇ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ವರ್ಷದ ಕೊನೆಯ ದಿನ 50,000 ಡಾಲರ್ ಅಥವಾ ನಡುವೆ ಯಾವಾಗಲಾದರೂ 75,000 ಮೀರಿದ್ದರೆ ವಿದೇಶಿ ಆಸ್ತಿ ತೋರಿಸುವ ಫಾರಂ 8938 ಕೂಡ ಬೇಕು, ಗಂಡ ಹೆಂಡತಿ ಜಂಟಿ ರಿಟರ್ನ್ ಹಾಕಿದರೆ ಈ ಮಿತಿಗಳು ಎರಡರಷ್ಟು. ಎಫ್‌ಡಿ ಲೆಕ್ಕಕ್ಕೆ ಮಾಡಿದ ಸ್ಪ್ರೆಡ್‌ಶೀಟಿನಲ್ಲೇ ಪ್ರತಿ ಖಾತೆಯ ಆ ವರ್ಷದ ಗರಿಷ್ಠ ಮೊತ್ತಕ್ಕೆ ಒಂದು ಕಾಲಂ ಸೇರಿಸಿ, ಎರಡೂ ಫಾರಂಗಳು ಕೇಳುವುದು ಅದನ್ನೇ.